ಸಿಸ್ಟರ್ ಈ ಸಲ ಏನು ಬಿಟ್ಟಾರ?

ಅವತ್ತು ಮುಂಜಾನೆಯೂ ಎಲ್ಲ ಮುಂಜಾನೆಗಳ ಹಾಗೆಯೇ ಶುರುವಾಯಿತು. ಅತ್ತೆ ಬಸದಿಗೆ ಹೋಗಿ ಬರುವಷ್ಟರಲ್ಲಿ ನಾನು ನೀರು ಸೋಸಿಟ್ಟು, ಸೋಸಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಹಾಲು ಕಾಸಿ, ಅವಲಕ್ಕಿಗೆ ಶೇಂಗಾ ಹುರಿಯಲು ನಿಂತಿದ್ದೆ. ಒಲೆಯ ಪಕ್ಕದ ಕಿಟಕಿಯಲ್ಲಿ ನನ್ನ ಬಣ್ಣದ ಕಲ್ಲು ತನ್ನ ಜಾಗದಲ್ಲೇ ಕೂತಿತ್ತು. ಆದರೆ ಶೇಂಗಾ ಮಾತ್ರ ಸೀದು ಹೊಗೆ ಎದ್ದಿತು.

ನಮ್ಮವರು ಪೇಪರ್ ಕೆಳಗಿಳಿಸಿ, "ಯಾಕ, ಇವತ್ತ ಪರೀಕ್ಷಾ ಐತೇನು?" ಅಂದರು.

"ನನಗಲ್ರಿ, ಸಿಸ್ಟರ್‌ಗ."

"ಕಾರು ನೀ ಹೊಡಿಯಾಕಿ. ಅಂದ್ರ ಪರೀಕ್ಷಾ ಅವರಿಗೇ ಬಿಡು."

ಹೌದು, ನಾನು ಕಾರು ಕಲಿತದ್ದು ಹೊಸದಾಗಿ. ಹಿಂದಿನ ಗಾಜಿನ ಮೇಲೆ ಕೆಂಪು 'ಎಲ್' ಅಕ್ಷರದ ಚೀಟಿ ಇನ್ನೂ ಇತ್ತು. ಬೆಳಗಾವಿ ದಾಟಿ ಹೆದ್ದಾರಿಗೆ ನಾನೊಬ್ಬಳೇ ಯಾವತ್ತೂ ಹೋಗಿರಲಿಲ್ಲ. ಆದರೆ ಅವತ್ತು ಶೇಂಗಾ ಸೀದದ್ದು ಅದಕ್ಕಲ್ಲ. ಖಾನಾಪುರದ ಒಂದು ಮನೆಯಲ್ಲಿ ಸಿಸ್ಟರ್‌ಗೆ ಒಂದು ಕಪ್ ಚಹಾ ಸಿಗುತ್ತದೋ ಇಲ್ಲವೋ, ಸಿಕ್ಕರೆ ಅವರಿಂದ ಅದನ್ನು ಕುಡಿಯಲು ಆಗುತ್ತದೋ ಇಲ್ಲವೋ, ಇಷ್ಟೇ ಆ ದಿನದ ಪ್ರಶ್ನೆ. ಅಷ್ಟಕ್ಕೇ ನನಗೆ ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಈ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಬೆಳಗಾವಿ ಕ್ಯಾಂಪಿನ ಚರ್ಚಿನಲ್ಲಿ ಮಾತಾಡಿದವರೆಲ್ಲ ಅವರ ಪ್ರಾರ್ಥನೆ, ಅವರ ಉಪವಾಸ, ಅವರ ಶಿಸ್ತು ಅಂತ ಹೊಗಳಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ, ಇವರು ಯಾರೋ ಬೇರೆ ಸಿಸ್ಟರ್ ಬಗ್ಗೆ ಹೇಳುತ್ತಿದ್ದಾರೆ ಅನಿಸಿತು. ನಮ್ಮ ಸಿಸ್ಟರ್ ಉಪವಾಸ ಮಾಡುತ್ತಿದ್ದ ರೀತಿಯೇ ಬೇರೆ ಇತ್ತು. ಅದರಲ್ಲಿ ಗಂಭೀರ ಮುಖಕ್ಕೆ ಜಾಗವೇ ಇರಲಿಲ್ಲ.

ಖಾನಾಪುರದ ಕಾನ್ವೆಂಟ್ ಸಾಲಿಯಲ್ಲಿ ಅವರು ನಮಗೆ ಇಂಗ್ಲಿಷ್ ಮತ್ತು ಹೊಲಿಗೆ ಕಲಿಸುತ್ತಿದ್ದರು. ಮನೆಮಾತು ಮರಾಠಿ, ನಮ್ಮನ್ನೆಲ್ಲ 'ಬಾಳಾ', ಅಂದರೆ ಮಗೂ, ಅಂತಲೇ ಕರೆಯುತ್ತಿದ್ದರು. ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಅವರು ಹಣೆಗೆ ಬೂದಿಯ ಶಿಲುಬೆ ಇಟ್ಟುಕೊಂಡು ಬರುತ್ತಿದ್ದರು. ಲಿಂಗಾಯತರ ಹುಡುಗಿಯರಿಗೆ ಅವತ್ತು ಎಲ್ಲಿಲ್ಲದ ಹಿಗ್ಗು. "ಸಿಸ್ಟರ್ ಇವತ್ತ ನಮ್ಮವರಾದ್ರು!" ಅಂತ ಸಾಲಿಯ ತುಂಬ ಓಡಾಡುತ್ತಿದ್ದರು. ಮಾರನೆಯ ದಿನ ನೋಡಿದರೆ ಬೂದಿ ಮಾಯ. ಮುಸುಕಿನ ಅಂಚಿನಲ್ಲಿ ಕಾಣುವ ಕೂದಲಿಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ತೆಳ್ಳಗೆ ಪೌಡರ್, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆ. ಮದುವೆ ಮನೆಗೆ ಹೊರಟವರ ಹಾಗೆ! ವರ್ಷದ ಉಳಿದ ದಿನ ಅವರ ಮುಖ ಒಣಗಿದ್ದು ಒಣಗಿದ ಹಾಗೇ ಇರುತ್ತಿತ್ತು. ತಪಸ್ಸುಕಾಲ ಬಂತೆಂದರೆ, ಈಸ್ಟರ್ ಹಬ್ಬದವರೆಗೆ ಹೊಳಪೋ ಹೊಳಪು.

ಯಾಕೆ ಅಂತ ಕೇಳಿದರೆ ಅವರು ಹೇಳುತ್ತಿದ್ದದ್ದು ಹೀಗೆ: "ಉಪಾಸ ಇದ್ದಾಗ ಮಾರಿ ಜೋತು ಹಾಕ್ಕೊಂಡು ಅಡ್ಡಾಡಬ್ಯಾಡ್ರಿ ಅಂತ ನಮ್ಮ ಯೇಸು ಹೇಳ್ಯಾನ. ಮಾರಿ ತೊಳಕೋರಿ, ತಲಿಗೆ ಎಣ್ಣಿ ಹಚ್ಚಕೋರಿ ಅಂದಾನ. ನಾ ಹಚ್ಚಕೊಂಡೀನಿ. ನಿಮಗೇನು ತ್ರಾಸ?"

ಏನು ಬಿಟ್ಟಿದ್ದಾರೆ ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಗುಟ್ಟು. ಶುಕ್ರವಾರಗಳಂದು ಒಪ್ಪತ್ತು, ಮಾಂಸ ಇಲ್ಲ, ಇವೆಲ್ಲ ಕಾನ್ವೆಂಟಿನ ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಪ್ರತಿ ವರ್ಷ ಅವರದೊಂದು ಸ್ವಂತದ ಉಪವಾಸ ಇರುತ್ತಿತ್ತು, ಅದೂ ಪ್ರತಿ ಸಲ ಬೇರೆ. ಅದನ್ನು ಕಂಡುಹಿಡಿಯುವುದೇ ನಮ್ಮ ಆಟ. "ಸಿಸ್ಟರ್ ಈ ಸಲ ಏನು ಬಿಟ್ಟಾರ?" ಅನ್ನುವ ಪ್ರಶ್ನೆ ಸಾಲಿಯಲ್ಲಿ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಓಡಾಡುತ್ತಿತ್ತು. ಚಹಾ? ಉಪ್ಪು? ಗೂಡಿನಲ್ಲಿಟ್ಟ ರೇಡಿಯೋ? ಮಧ್ಯಾಹ್ನ ನಾವು ಡಬ್ಬಿ ಬಿಚ್ಚಿದಾಗ ಅವರು ಸಾಲಿನ ನಡುವೆ ಬಂದು ನಿಂತು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆಯುತ್ತಿದ್ದರು. "ಬದನಿಕಾಯಿ! ಯಾರ್ದಿದು? ಹಸದಾಗ ಬದನಿಕಾಯಿ ವಾಸನಿ ಎಷ್ಟ್ ದೂರದಿಂದ ಬರತೈತಿ ಗೊತ್ತೇನು?" ನಮಗೆ ಪಾಪ ಅನಿಸಿ ಒಂದು ತುತ್ತು ಮುಂದೆ ಹಿಡಿದರೆ, "ಬ್ಯಾಡ ಬ್ಯಾಡ, ನೀ ಉಣ್ಣು. ನಾ ಊಟ ಬಿಟ್ಟೀನಿ, ವಾಸನಿ ಬಿಟ್ಟಿಲ್ಲ" ಅಂತ ನಗುತ್ತಿದ್ದರು. ಹಸಿವೆಗೆ ಒಂದು ಕುರ್ಚಿ ಹಾಕಿ ಕೂಡಿಸಬೇಕು, ಅದರ ಜೊತೆ ಮಾತಾಡಬೇಕು, ಅದು ಯಾರ ಯಾರ ಮನೆಯ ಸುದ್ದಿ ತಂದಿದೆ ಕೇಳಬೇಕು ಅನ್ನುವುದು ಅವರ ಮಾತು.

ಒಂದು ವರ್ಷ ಅವರು ಬೈಯುವುದನ್ನು ಬಿಟ್ಟರು. ಅದು ನಮಗೆ ಎರಡನೇ ವಾರಕ್ಕೇ ಗೊತ್ತಾಯಿತು ಅನ್ನಿ. ಗೊತ್ತಾದ ಮೇಲೆ ಸುಮ್ಮನಿರುವ ಹುಡುಗಿಯರೇ ನಾವು? ಒಬ್ಬಳು ಕ್ಲಾಸಿಗೆ ನಾಯಿಮರಿ ತಂದಳು. ಸಿಸ್ಟರ್ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮರಿಯನ್ನೆತ್ತಿ ತೊಡೆಯ ಮೇಲೆ ಹಾಕಿಕೊಂಡು ಪಾಠ ಮುಂದುವರಿಸಿದರು. ಹಬ್ಬ ಮುಗಿದು ಸಾಲಿ ಶುರುವಾದ ದಿನ ಒಳಗೆ ಕಾಲಿಟ್ಟವರೇ, ನಾಯಿಮರಿಯಿಂದ ಹಿಡಿದು ಒಬ್ಬೊಬ್ಬರನ್ನೂ ಒಂದೇ ಉಸಿರಿಗೆ ಬೈದು, ಕೊನೆಗೆ ತಾವೇ ನಗು ತಡೆಯಲಾಗದೆ ಮೇಜಿನ ಮೇಲೆ ತಲೆಯಿಟ್ಟರು.

ನಾನು ಗೆದ್ದದ್ದು ಒಂದೇ ಸಲ. ಆ ವರ್ಷ ಅವರ ಕುರ್ಚಿಯ ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಬಿದ್ದದ್ದು ಬಿದ್ದ ಹಾಗೇ ಇತ್ತು. ದಿನಾ ನೋಡಿದೆ, ಯಾರೂ ಅದರ ಮೇಲೆ ಕೂತ ಗುರುತಿಲ್ಲ. "ಸಿಸ್ಟರ್, ನೀವು ಕುಂದರೂದು ಬಿಟ್ಟೀರಿ!" ಅಂದೆ. ಅವರು ನನ್ನ ಕೆನ್ನೆ ಹಿಂಡಿದರು. ಗೆದ್ದವರಿಗೆ ಬಣ್ಣ ಬಳಿದ ಬೇಯಿಸಿದ ಮೊಟ್ಟೆ ಬಹುಮಾನ. ನಾನು ಜೈನರ ಮನೆಯವಳು, ಮೊಟ್ಟೆ ಮುಟ್ಟುವ ಹಾಗಿಲ್ಲ. ಸಿಸ್ಟರ್ ಮಲಪ್ರಭೆಯ ದಂಡೆಗೆ ಹೋಗಿ ಮೊಟ್ಟೆಯಂಥದೇ ಒಂದು ನುಣ್ಣನೆ ಕಲ್ಲು ಆರಿಸಿ ತಂದು, ಅದಕ್ಕೆ ನೀಲಿ ಹಳದಿ ಬಣ್ಣ ಬಳಿದು ಕೊಟ್ಟರು. "ಇದನ್ನ ನಿಮ್ಮವ್ವನೂ ಬೈಯೂದಿಲ್ಲ" ಅಂದರು. ನಮ್ಮ ಕಿಟಕಿಯಲ್ಲಿ ಇರುವುದು ಅದೇ.

ಮದುವೆಯಾಗಿ ನಾನು ಬೆಳಗಾವಿಯ ಶಹಾಪುರಕ್ಕೆ ಬಂದೆ. ಅವರು ಎಲ್ಲೆಲ್ಲಿಗೋ ವರ್ಗವಾಗಿ, ವಯಸ್ಸಾದ ಮೇಲೆ ಕ್ಯಾಂಪಿನ ಕಾನ್ವೆಂಟಿಗೆ ಬಂದು ಸೇರಿದರು. ಆಮೇಲೆ ನಮ್ಮ ಭೇಟಿ ಮತ್ತೆ ಶುರು. ಅವರಿಗೆ ಸಕ್ಕರೆ ಕಾಯಿಲೆ. ಊಟ ತಪ್ಪಿಸುವ ಹಾಗಿಲ್ಲ ಅಂತ ಡಾಕ್ಟರರೂ ಹೇಳಿದ್ದರು, ಮದರ್ ಸುಪೀರಿಯರ್ ಕೂಡ ಆಜ್ಞೆ ಮಾಡಿದ್ದರು. ಆದರೂ ಈ ವರ್ಷ ತಪಸ್ಸುಕಾಲ ಬಂತೋ ಇಲ್ಲವೋ, ಹಣೆಯ ಅಂಚಿನಲ್ಲಿ ಎಣ್ಣೆ ಮಿಂಚಿತು. ನನ್ನ ಮೈಯೆಲ್ಲ ಕಣ್ಣಾಯಿತು. ಏನು ಬಿಟ್ಟಿರಬಹುದು?

ಪ್ರತಿ ವಾರ ಹೋಗಿ ನೋಡಿದೆ. ಚಪಾತಿ ತಿನ್ನುತ್ತಿದ್ದರು. ಪಲ್ಯ ತಿನ್ನುತ್ತಿದ್ದರು. ಕುರ್ಚಿಯಲ್ಲಿ ಕೂರುತ್ತಿದ್ದರು, ಅಡುಗೆಯವಳನ್ನು ಬೈಯುತ್ತಿದ್ದರು. ಚಹಾ ಬಂದರಂತೂ ಎರಡೂ ಕೈಯಲ್ಲಿ ಕಪ್ ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಗುಟುಕು ನಿಧಾನಕ್ಕೆ ಕುಡಿಯುತ್ತಿದ್ದರು. ಇಷ್ಟು ರುಚಿಯಿಂದ ಚಹಾ ಕುಡಿಯುವವರನ್ನು ನಾನು ಬೇರೆ ಕಂಡಿಲ್ಲ ಅಂದುಕೊಂಡೆ.

ನಮ್ಮ ಬಾಜೂ ಮನೆಯ ಮರಾಠಿ ಕಾಕುಗೆ ಈ ಆಟವೆಲ್ಲ ಹೇಳಿದ್ದೆ. ಅವರು ಏಕಾದಶಿ, ಚತುರ್ಥಿ ಒಂದನ್ನೂ ಬಿಡದವರು. ಒಂದು ಶುಕ್ರವಾರ, "ಸಿಸ್ಟರ್‌ಗ ಉಪಾಸದ್ದು ಒಯ್ಯಿ" ಅಂತ ದೊಡ್ಡ ಡಬ್ಬಿ ತುಂಬ ಸಾಬೂದಾಣಿ ಖಿಚಡಿ ಕಳಿಸಿದರು. ತುಪ್ಪ, ಶೇಂಗಾ, ಬಟಾಟೆ ಎಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದವು. ಸಿಸ್ಟರ್ ಮುಚ್ಚಳ ತೆಗೆದವರೇ ಬಿದ್ದು ಬಿದ್ದು ನಕ್ಕರು. "ಇದು ಉಪಾಸೇನ ಬಾಳಾ? ನಿಮ್ಮ ಕಾಕೂಗ ಹೇಳು, ಇಂಥಾ ಉಪಾಸ ಇದ್ರ ನಾ ವರ್ಷಾನುಗಟ್ಟಲೆ ಇರತೀನಿ!" ಡಾಕ್ಟರರ ಹೆಸರು ಹೇಳಿ ಎರಡು ಚಮಚ ಮಾತ್ರ ತಿಂದರು. ಎರಡೇ ಚಮಚಕ್ಕೆ ಕಾಕು ಖುಷಿಯೋ ಖುಷಿ.

"ರೇಡಿಯೋ ಬಿಟ್ಟೀರಿ?" ಅಂದೆ. ಇಲ್ಲ. "ಪೇಪರ್?" ಇಲ್ಲ. "ಮಧ್ಯಾಹ್ನದ ನಿದ್ದಿ?" ಅದೂ ಇಲ್ಲ. ನಮ್ಮ ಅತ್ತೆಗಂತೂ ಅನುಮಾನ: "ಎರಡೂ ಹೊತ್ತು ಉಂಡು ಅದೆಂಥಾ ಉಪಾಸ ನಿಮ್ಮ ಸಿಸ್ಟರ್‌ಬಾಯೀದು?"

ಅತ್ತೆಯ ಮಾತಿಗೆ ತೂಕವಿದೆ, ಯಾಕೆಂದರೆ ಅವರು ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತೂ ದಿನ ಒಂದೇ ಹೊತ್ತು ಉಣ್ಣುವವರು. ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿಯ ದಿನ ಬರುತ್ತದೆ. ಅವತ್ತು ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾರೆ. ಹೋದ ವರ್ಷ ಆ ದಿನವೇ ಸಿಸ್ಟರ್ ನಮ್ಮ ಮನೆಗೆ ಬಂದಿದ್ದರು. ಅತ್ತೆ ಕೈ ಮುಗಿದು, "ತಿಳಿದೋ ತಿಳೀದೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಅಂತ ಮಗನಿಗೆ, ನನಗೆ, ಹಾಲಿನವನಿಗೆ, ಕಾಂಪೌಂಡಿನ ಆಚೆಯ ಕಾಕುಗೆ ಹೇಳಿ, ಕೊನೆಗೆ ಸಿಸ್ಟರ್ ಕಡೆ ತಿರುಗಿದರು.

ಸಿಸ್ಟರ್ ಗಡಬಡಿಸಿ ಎದ್ದು ನಿಂತರು. "ಅವ್ವಾರ, ನನಗ್ಯಾಕ? ನೀವೇನು ಮಾಡೀರಿ ನನಗ?"

"ಏನೂ ಮಾಡಿಲ್ಲಾಂದ್ರ ಕೇಳಾಕ ಸುಲಭ ಆತಲ್ಲ."

"ಹಂಗಾರ ಖರೇನ ಸಿಟ್ಟಿದ್ದವರ ಮನಿಗೂ ಹೋಗತೀರೇನು?"

"ಅವರ ಮನಿಗೇ ಮೊದಲು ಹೋಗಬೇಕರಿ ಸಿಸ್ಟರ್‌ಬಾಯಿ. ಇಲ್ಲಾಂದ್ರ ಹತ್ತು ದಿನ ಹೊಟ್ಟಿ ಒಣಗಿಸಿದ್ದು ಯಾತಕ?"

ಸಿಸ್ಟರ್ ಅತ್ತೆಯ ಜೋಡಿಸಿದ ಕೈಗಳನ್ನೇ ನೋಡುತ್ತ ಮತ್ತೆ ಕೂತರು. 

ಈಸ್ಟರ್ ಹಿಂದಿನ ಶನಿವಾರ ಅವರೇ ಫೋನ್ ಮಾಡಿದರು. "ನಾಳೆ ಪೂಜಿ ಮುಗದ ಮ್ಯಾಲೆ ನಿನ್ನ ಕಾರು ಬೇಕು. ಖಾನಾಪುರಕ್ಕ, ನಮ್ಮ ವೈನಿ ಮನಿಗೆ. ನಾ ಏನು ಬಿಟ್ಟೀನಿ ಅಂತ ಬರೂವಾಗ ಹೇಳತೀನಿ. ಅಲ್ಲೀತನಕ ಊಹೆ ಮಾಡು."

ವೈನಿ ಅಂದರೆ ಅವರ ತೀರಿಹೋದ ಅಣ್ಣನ ಹೆಂಡತಿ. ಆ ಮನೆಯ ಕಥೆ ನನಗೆ ಗೊತ್ತಿತ್ತು. ಸಿಸ್ಟರ್ ದೂರದ ಊರಿನಲ್ಲಿದ್ದಾಗ ಒಂದು ಮಳೆಗಾಲ ಅವರ ತಾಯಿ ತೀರಿಕೊಂಡರು. ಇವರು ಬಸ್ಸು ಬದಲಿಸಿ ಬದಲಿಸಿ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಾಯಿಯ ಮುಖ ಕಾಣಲಿಲ್ಲ. ವೈನಿ ಚಹಾ ತಂದು ಮುಂದಿಟ್ಟರಂತೆ. ತಾವು ಬರುವತನಕ ಕಾಯಲಿಲ್ಲ ಅನ್ನುವ ಸಿಟ್ಟಿಗೆ ಸಿಸ್ಟರ್ ಅದನ್ನು ಮುಟ್ಟದೆ ಎದ್ದು ಬಂದರು. ಅವತ್ತಿನಿಂದ ಆ ಮನೆಯ ಒಂದು ಹನಿ ನೀರು ಕುಡಿದವರಲ್ಲ. ಅಣ್ಣ ತೀರಿಕೊಂಡಾಗಲೂ ಸ್ಮಶಾನದಿಂದಲೇ ತಿರುಗಿ ಬಂದಿದ್ದರು.

ಶೇಂಗಾ ಸೀದ ಆ ರವಿವಾರ ನಾನು ಹೋದಾಗ, ಕ್ಯಾಂಪಿನ ಕಾನ್ವೆಂಟ್ ಗೇಟಿನಲ್ಲಿ ಅವರು ಆಗಲೇ ನಿಂತಿದ್ದರು. ಹಣೆಗೆ ಎಣ್ಣೆಯಿಲ್ಲ, ಪೌಡರ್ ಇಲ್ಲ. ಮುಖ ಒಣಗಿ ಸಣ್ಣದಾಗಿತ್ತು. "ಇವತ್ತ ಹಬ್ಬ ಐತಿ. ಇವತ್ತ ಸುಸ್ತ ಕಂಡ್ರೂ ನಡೀತೈತಿ" ಅಂದರು. ಹಿಂದಿನ ಸೀಟಿನಲ್ಲಿದ್ದ ಕುಂದಾದ ಪೊಟ್ಟಣ ಕಂಡು ಹುಬ್ಬು ಏರಿಸಿದರು.

"ವೈನಿಯವರಿಗೆ ತಂದೀನ್ರಿ. ಹಬ್ಬದ ದಿನ ಬರಿಗೈಲೆ ಹೆಂಗ..."

"ಬ್ಯಾಡ. ಕಾರಿನಾಗೇ ಇರಲಿ. ಏನರ ಒಯ್ದ್ರ ನಾ ಕೊಡಾಕ ಬಂದಂಗ ಆಕ್ಕೈತಿ. ನಾ ಹೊಂಟಿದ್ದು ಬೇಡಾಕ."

ಉದ್ಯಮಬಾಗದ ಕಾರ್ಖಾನೆಗಳು ರವಿವಾರದ ರಜೆಯಲ್ಲಿ ತಣ್ಣಗಿದ್ದವು. ಅದು ದಾಟಿದ ಮೇಲೆ ಲಾರಿಗಳು. ಪ್ರತಿ ಲಾರಿಗೂ ಸಿಸ್ಟರ್ ಜಪಸರದ ಒಂದು ಮಣಿ ಸರಿಸುತ್ತಿದ್ದರು. "ನಿನ್ನ ಡ್ರೈವಿಂಗ್ ಸಲುವಾಗಿ ಅಲ್ಲ ಬಾಳಾ" ಅಂದು, ಸ್ವಲ್ಪ ಬಿಟ್ಟು, "ಅದಕ್ಕೂ ಹೌದು" ಅಂದರು. ನನಗೆ ನಗು, ಭಯ, ಖುಷಿ ಎಲ್ಲ ಒಟ್ಟಿಗೇ. 

"ವೈನಿಯವರು ಬಾಗಿಲಾ ಹಾಕ್ಕೊಂಡ್ರ?"

"ಹೊರಗ ಕುಂದರೂಣು. ನೀರಡಿಕಿ ಆದ್ರ ಆಕೀನ್ನ ಕೇಳೂಣು."

ವೈನಿಯ ಮನೆ ಖಾನಾಪುರದ ಹೊರಗೆ, ಹಂಚಿನ ಭಟ್ಟಿಗೆ ಹೋಗುವ ದಾರಿಯಲ್ಲಿ. ನುಗ್ಗೆಮರ, ಕೆಳಗೆ ಕೋಳಿಗಳು. ಮಗ ಸೊಸೆ ಇನ್ನೂ ಚರ್ಚಿನಿಂದ ಬಂದಿರಲಿಲ್ಲ. ವೈನಿ ಒಬ್ಬರೇ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನಮ್ಮನ್ನು ನೋಡಿದರು. ಕೈ ನಿಂತಿತು. ಏಳಲಿಲ್ಲ. ಒಂದು ಕೋಳಿ ಬಂದು ತುರಿಗೆ ಬಾಯಿ ಹಾಕಿದರೂ ಓಡಿಸಲಿಲ್ಲ.

ಕೊನೆಗೆ ಹೇಳಿದ್ದು ಒಂದೇ ಮಾತು, ಮರಾಠಿಯಲ್ಲಿ. ಅಲ್ಲಿಯ ಮಾತನ್ನೆಲ್ಲ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ: "ಚಪ್ಪಲ ಹೊರಗ ಬಿಡ್ರಿ. ನೆಲಾ ಒರಸೀನಿ."

ಅಂದರೆ ಒಳಗೆ ಬನ್ನಿ ಅಂತ! ನಾನು ಸಿಸ್ಟರ್ ಕಡೆ ನೋಡಿದೆ. ಅವರು ಚಪ್ಪಲಿ ಬಿಟ್ಟು, ಹೊಸ್ತಿಲ ಹತ್ತಿರ ನಿಂತು, ನಮ್ಮ ಅತ್ತೆ ಹಿಡಿಯುವ ಹಾಗೆಯೇ ಕೈ ಜೋಡಿಸಿ, ಅತ್ತೆಯ ಅದೇ ಮಾತನ್ನು ಮರಾಠಿಯಲ್ಲಿ ಹೇಳಿದರು. ಒಂದು ಕಡೆ ಬದಲಿಸಿದ್ದರು. "ತಿಳಿದೋ ತಿಳೀದೋ" ಅನ್ನಲಿಲ್ಲ. "ತಿಳಿದ ಮಾಡಿದ್ದು, ವೈನಿ. ಕ್ಷಮಾ ಮಾಡು" ಅಂದರು.

ವೈನಿ ಕಾಯಿತುರಿ ಎತ್ತಿಕೊಂಡು ಒಳಗೆ ಹೋದರು.

ನಾವಿಬ್ಬರೂ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆವು. ಒಳಗೆ ಪಾತ್ರೆ ಸಪ್ಪಳ. ಸಿಟ್ಟಿನ ಸಪ್ಪಳವೋ, ಕೆಲಸದ ಸಪ್ಪಳವೋ, ಇಷ್ಟು ವರ್ಷ ಅಡುಗೆಮನೆಯಲ್ಲಿ ಕಳೆದ ನನಗೂ ತಿಳಿಯಲಿಲ್ಲ. ಆಮೇಲೆ ಲೈಟರ್ ಚಟ್ ಅಂತು. ಗ್ಯಾಸು ಹತ್ತಿದ ಸದ್ದು. ಶುಂಠಿ ಜಜ್ಜಿದ ಸದ್ದು! ಶುಂಠಿ ಜಜ್ಜಿದರೆ ಇನ್ನೇನು, ಚಹಾವೇ! ನಾನು ಸಿಸ್ಟರ್ ಕೈ ಹಿಡಿದುಕೊಂಡೆ. 

ಎರಡು ಕಪ್ ಬಂದವು, ಸಾಸರ್ ಸಮೇತ. ವೈನಿ ನನಗೊಂದು, ಸಿಸ್ಟರ್ ಮುಂದೊಂದು ಇಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಒಂದು ಗುಟುಕು ಕುಡಿದೆ. ಅಬ್ಬಾ, ಸಕ್ಕರೆಯ ಪಾಕ! ನನ್ನ ಜೀವ ಹಾರಿತು. ಇದನ್ನು ಸಿಸ್ಟರ್ ಕುಡಿದರೆ ಸಕ್ಕರೆ ಎಲ್ಲಿಗೆ ಏರೀತು? ಬಾಯಿ ಬಿಡುವಷ್ಟರಲ್ಲಿ ಅವರು ನನ್ನ ಕಡೆ ಒಂದು ನೋಟ ನೋಡಿದರು. ಸಾಲಿಯಲ್ಲಿ ನೋಡುತ್ತಿದ್ದರಲ್ಲ, ಅದೇ ನೋಟ. ನಾನು ಬಾಯಿ ಮುಚ್ಚಿದೆ. ಅವರು ಎರಡೂ ಕೈಯಲ್ಲಿ ಕಪ್ಪೆತ್ತಿ, ಕಣ್ಣು ಮುಚ್ಚಿ ಕುಡಿದರು. ಮತ್ತೆ ಕಣ್ಣು ತೆರೆದು ಕಪ್ಪಿನೊಳಗೆ ನೋಡಿದರು.

"ಸಕ್ಕರಿ ಇಲ್ಲ" ಅಂದರು, ಮೆಲ್ಲಗೆ.

"ಹೆಂಗಿರತೈತಿ?" ವೈನಿ ಚೌಕಟ್ಟಿನಿಂದಲೇ ಗದರಿದರು. "ನಿನಗ ಸಕ್ಕರಿ ಬ್ಯಾನಿ ಐತಂತ ಖಾನಾಪುರದಾಗ ಎಲ್ಲಾರಿಗೂ ಗೊತ್ತೈತಿ. ನನಗ ಗೊತ್ತಿರಬಾರದೇನು? ನಾ ಪ್ರತಿ ರವಿವಾರ ಫಾದರ್‌ನ ನಿನ್ನ ಸುದ್ದಿ ಕೇಳೂದ ಕೇಳೂದು. ಅವರಿಗೂ ಬ್ಯಾಸರ ಆಗಿರಬೇಕು."

ಸಿಸ್ಟರ್ ಕಪ್ ಕೆಳಗಿಡಲಿಲ್ಲ. ಹನಿ ಉಳಿಯದ ಹಾಗೆ ಕುಡಿದರು.

ಆಗ ವೈನಿ ಕೆಳಗೆ ಕೂತರು. ಸೆರಗಿನ ಚುಂಗು ಹೊಸೆಯುತ್ತ, "ಅವತ್ತ ಹೊಳಿ ತುಂಬಿ ಬಂದಿತ್ತು" ಅಂದರು. "ತೋಡಿದ ಕುಣಿಯಾಗ ನೀರು ಏರಾಕತ್ತಿತ್ತು. ಇನ್ನ ತಡೀಬ್ಯಾಡ್ರಿ ಅಂದ್ರು ಫಾದರ್. ನಾ ಇನ್ನೊಂದು ತಾಸು ನಿಲ್ಲರಿ, ಮಗಳು ಬರತಾಳ ಅಂದೆ. ಯಾರೂ ಕೇಳಲಿಲ್ಲ."

"ಗೊತ್ತೈತಿ."

"ಯಾರು ಹೇಳಿದ್ರು?"

"ಅಣ್ಣ ಅವತ್ತೇ ಹೇಳಿದ್ದ. ಗೊತ್ತಿದ್ದೂ ನಿನ್ನ ಚಾ ಬಿಟ್ಟ ಹೋದೆ. ಯಾರ ಮ್ಯಾಲರ ಸಿಟ್ಟು ಹಾಕಬೇಕಿತ್ತು, ನೀ ಎದುರಿಗೆ ಇದ್ದಿ."

 ವೈನಿ ಖಾಲಿ ಕಪ್ ಎತ್ತಿಕೊಂಡು, "ಇನ್ನೊಂದು ಕುಡೀತಿ?" ಅಂದರು. ಸಿಸ್ಟರ್ ಹೂಂ ಅಂದರು. ಅಷ್ಟರಲ್ಲಿ ಮಗ ಸೊಸೆ ಬಂದರು, ಮನೆಯೆಲ್ಲ ಗದ್ದಲವಾಯಿತು. ಇಡ್ಲಿಯಂಥ ಅಕ್ಕಿಯ 'ಸಣ್ಣ'ಗಳು ಬೆಂದವು, ಕಾಯಿಹಾಲು ಬಂತು. "ಈಕಿ ಜೈನರಾಕಿ, ಆ ಕೋಳಿ ಸಾರು ಬಡಸಬ್ಯಾಡ" ಅಂತ ಸಿಸ್ಟರ್ ಹುಕುಂ ಮಾಡಿದರೆ, "ನನ್ನ ಮನ್ಯಾಗ ನಾ ಬಡಸತೀನಿ, ನೀ ಸುಮ್ಮ ಕುಂದರು" ಅಂತ ವೈನಿ ಕಣ್ಣು ಬಿಟ್ಟರು. ಎಷ್ಟೋ ವರ್ಷದ ಜಗಳವನ್ನು ಇಬ್ಬರೂ ಒಂದೇ ಮಧ್ಯಾಹ್ನದಲ್ಲಿ ಆಡಿ ಮುಗಿಸುವ ಹಾಗಿತ್ತು. ಕುಂದಾದ ಪೊಟ್ಟಣವನ್ನು ನಾನೇ ಕಾರಿನಿಂದ ತಂದೆ. ಆಗ ಯಾರೂ ಬೇಡ ಅನ್ನಲಿಲ್ಲ.

ತಿರುಗಿ ಬರುವಾಗ ಮಲಪ್ರಭೆಯ ಸೇತುವೆ ದಾಟಿದ ಮೇಲೆ ಕೇಳಿದೆ. "ಈಗ ಹೇಳ್ರಿ. ಏನು ಬಿಟ್ಟಿದ್ರಿ?"

"ಸಿಟ್ಟು ಅಂತೀ ನೀ."

"ಹೌದಲ್ರಿ ಮತ್ತ?"

"ಸಿಟ್ಟು ಹಂಗ ಬಿಡಾಕ ಬರೂದಿಲ್ಲ ಬಾಳಾ. ನಾ ಬಿಟ್ಟಿದ್ದು ಉಪಾಸ. ಆ ಮನಿ ಮುಂದ ಇಷ್ಟ ವರ್ಷ ಹಿಡಿದಿದ್ನಲ್ಲ, ಆ ಉಪಾಸ. ದೇವರು ಕೇಳದ ಉಪಾಸ ಅದು. ಅದನ್ನ ಬಿಡಾಕ ರೂಢಿ ಮಾಡಬೇಕಾತು. ದಿನಾ ಚಾ ಬಂದಾಗ ಕಣ್ಣು ಮುಚ್ಚಿ, ಇದು ವೈನಿ ಕೊಟ್ಟ ಚಾ ಅಂತ ನೆನಸಿ ಕುಡೀತಿದ್ದೆ. ಮೊದಲ ಮೊದಲ ಗಂಟಲದಾಗ ಇಳೀಲಿಲ್ಲ. ಆಮ್ಯಾಲ ಒಂದು ಗುಟುಕು, ಎರಡು ಗುಟುಕು. ನೀನೂ ಎದುರಿಗೇ ಕುಂತು ನೋಡತಿದ್ದಿ."

ನೋಡುತ್ತಿದ್ದೆ! ಪ್ರತಿ ವಾರ ನೋಡುತ್ತಿದ್ದೆ. ಕುರ್ಚಿಯ ಮೇಲಿನ ಪುಡಿ ಕಂಡ ಕಣ್ಣಿಗೆ ಅದು ಕಾಣಲಿಲ್ಲ.

"ಈ ಸಲ ಸೋತಿ. ಕಲ್ಲು ಇಲ್ಲ" ಅಂದರು ಸಿಸ್ಟರ್. ಲಾರಿ ಬಂದರೂ ಮಣಿ ಸರಿಸಲಿಲ್ಲ. ಸೀಟಿಗೆ ತಲೆಯಾನಿಸಿ ನಿದ್ದೆ ಹೋದರು.

ಹೊತ್ತು ಮುಳುಗುವ ಮೊದಲು ಅತ್ತೆಯ ಊಟ ಆಗಬೇಕು. ಹಾಗಾಗಿ ಮೊದಲು ನಮ್ಮ ಮನೆಯ ಮುಂದೆ ನಿಲ್ಲಿಸಿದೆ. ಸಿಸ್ಟರ್ ಕೆಳಗಿಳಿಯಲಿಲ್ಲ. ಅತ್ತೆಯೇ ಕಾರಿನ ಕಿಟಕಿಗೆ ಬಂದರು. ಇಬ್ಬರೂ ಕೈ ಹಿಡಿದುಕೊಂಡರು. "ಕುಡದ್ರ್ಯಾ?" ಅಂದರು ಅತ್ತೆ. "ಎರಡು ಕಪ್ಪು ಅವ್ವಾರ" ಅಂದರು ಸಿಸ್ಟರ್. ಅಷ್ಟೇ ಮಾತು. ಗೇಟಿನಲ್ಲಿ ನಿಂತಿದ್ದ ಕಾಕು ದೂರದಿಂದಲೇ ಕೈ ಮುಗಿದರು.

ಅವರನ್ನು ಕ್ಯಾಂಪಿಗೆ ಬಿಟ್ಟು, ಒಂದೂ ಗೀರು ಬೀಳದ ಕಾರನ್ನು ತಂದು ನಿಲ್ಲಿಸಿದಾಗ ಕಾಕು ಇನ್ನೂ ಗೇಟಿನಲ್ಲೇ ಇದ್ದರು, ಮೆಂತ್ಯ ಸೊಪ್ಪು ಬಿಡಿಸುತ್ತ. ನನ್ನ ಕಡೆ ಪೂರ್ತಿ ತಿರುಗದೆಯೇ ಹೇಳಿದರು:

"ಅಗಬಾಯಿ, ಅವರದ್ದು ಉಪಾಸ ಇನ್ನೂ ಮುಗದಿಲ್ಲೇನ? ಮಾರಿ ಎಷ್ಟ್ ಹೊಳೀತಿತ್ತು! ಪಾಪ, ಒಂದು ಕಪ್ ಚಾ ಆದ್ರೂ ಕುಡಿಸಿ ಕಳಸಬೇಕಿತ್ತು ನೀ."